ಹದಿನಾಲ್ಕರ ಬಾಲ

ಮೊದಲು ಬೆಚ್ಚಗಾಗಬೇಕು ಇಲಿ.
ಮೂವತ್ತೇಳು ಡಿಗ್ರಿಯ ತಗಡಿನ ಪೆಟ್ಟಿಗೆಯಲ್ಲಿ ಹತ್ತು ನಿಮಿಷ,
ಬಾಲದ ನಾಳ ಅರಳುವ ತನಕ.
ಹೊರಗೆ ಬ್ರ್ನೊ ಊರಿನ ನವೆಂಬರ್,
ಟ್ರಾಮಿನ ತಂತಿಗಳ ಮೇಲೆ ಇಬ್ಬನಿ ಗಾಜಾಗಿದೆ;
ನೆಲಮಾಳಿಗೆಯಲ್ಲಿ ಲಿಬುಷೆ ತನ್ನ ಅಂಗೈಗಳನ್ನೂ
ಆ ಪೆಟ್ಟಿಗೆಯ ಮೇಲೇ ಕಾಯಿಸಿಕೊಳ್ಳುತ್ತಾಳೆ.
ತಣ್ಣನೆ ಕೈ ತಾಗಿದರೆ ಅಂಕಿ ಸುಳ್ಳಾಡುತ್ತದೆ,
ಹತ್ತು ಹದಿನೈದು ಸುಮ್ಮಸುಮ್ಮನೆ ಏರುತ್ತದೆ.
ಇದನ್ನು ಯಾವ ಪುಸ್ತಕವೂ ಅವಳಿಗೆ ಹೇಳಿಕೊಟ್ಟದ್ದಲ್ಲ.

ಕ್ಯೋಟೋದಿಂದ ಬಂದ ಬಿಳಿಯ ವಂಶ ಇದು,
ಸಿಟ್ಟಿಲ್ಲದೆ, ಸಾಲವಿಲ್ಲದೆ, ಉಪ್ಪಿನಕಾಯಿ ನೆಕ್ಕದೆ
ನೆತ್ತರು ತಲೆಗೇರಿಸಿಕೊಂಡೇ ಹುಟ್ಟುವವು.
ಬಾಲಕ್ಕೆ ಪುಟ್ಟ ರಬ್ಬರಿನ ಬಳೆ ತೊಡಿಸಿ
ಗಾಳಿ ಊದಿದರೆ
ಮಸಿಯ ಮುಳ್ಳು ಬರೆಯುತ್ತದೆ: ನೂರ ತೊಂಬತ್ತೆಂಟು.
ಮನುಷ್ಯರಲ್ಲಿ ಯಾರಿಗಾದರೂ ಇಷ್ಟಿದ್ದರೆ
ಮನೆಮಂದಿ ದನಿ ತಗ್ಗಿಸಿ ಮಾತಾಡುತ್ತಿದ್ದರು.
ಕೊಳವೆಯೊಳಗೆ ಇಲಿ ಮೀಸೆ ಕುಣಿಸುತ್ತದೆ.

ಔಷಧದ ಹೆಸರು ಹೆಪಾರಿನ್.
ಕನ್ನಡದ ಕಿವಿಗೆ ಅದರೊಳಗೆ ಹೆಪ್ಪು ಕೇಳುತ್ತದೆ,
ರಾತ್ರಿ ಹಾಲಿಗೆ ಬಿಡುವ ಒಂದು ಚಮಚ ಹೆಪ್ಪು;
ಕೆಲಸ ಮಾತ್ರ ತದ್ವಿರುದ್ಧ:
ಕಟ್ಟಬೇಡ, ಹರಿ, ಹರಿಯುತ್ತಲೇ ಇರು ಅನ್ನುವುದು.
ಲಿಬುಷೆಗೆ ಈ ಶ್ಲೇಷೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.
ಅವಳಿಗೆ ಗೊತ್ತಿರುವುದು ಅದರ ತವರು:
ಹಂದಿಯ ಕರುಳು.

ಡಿಸೆಂಬರಿನ ಒಂದು ಶನಿವಾರ ಅಕ್ಕನ ಹಳ್ಳಿಯಲ್ಲಿ ಹಂದಿ ಕಡಿದರು.
ಭಾವ ಓಲ್ಡ್ರಿಖ್ ನಸುಕಿಗೇ ಪ್ಲಮ್ ಸಾರಾಯಿ ಏರಿಸಿ
ಚಾಕು ಮಸೆಯುತ್ತಾ ಸಿಳ್ಳೆ ಹಾಕುತ್ತಿದ್ದ.
ಅಕ್ಕ ಬಕೆಟ್ಟಿನಲ್ಲಿ ನೆತ್ತರು ತಿರುವುತ್ತಿದ್ದಳು, ಬರಿಗೈಯಲ್ಲಿ,
ಸೂಪಿಗೆ ಬೇಕು, ಗಟ್ಟಿಯಾಗಬಾರದು,
ಬೆರಳಿಗೆ ಸುತ್ತಿಕೊಂಡ ಎಳೆಗಳನ್ನು ಕಿತ್ತು ಕಿತ್ತು
ಹಿಮದ ಮೇಲೆ ಎಸೆಯುತ್ತಾ.
ಹಬೆಯಾಡುವ ಕರುಳನ್ನು ಬಿಸಿನೀರಿನಲ್ಲಿ ಮಗುಚಿ ತೊಳೆಯುತ್ತಾ
ಲಿಬುಷೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು:
ಇಷ್ಟುದ್ದದಿಂದ ಎಷ್ಟು ಸೀಸೆ? ಎಷ್ಟು ಇಲಿಗೆ? ಎಷ್ಟು ದಿನ?
"ಏನೇ ಯೋಚನೆ?"
"ಏನಿಲ್ಲ. ಆ ಉಪ್ಪು ಈಚೆ ಕೊಡು."

ನಾಲ್ಕನೆಯ ವಾರಕ್ಕೆ ಅಂಕಿ ಇಳಿಯತೊಡಗಿತು.
ನೂರ ಎಂಬತ್ತೊಂಬತ್ತು. ನೂರ ಎಪ್ಪತ್ತಾರು. ನೂರ ಅರವತ್ತೆಂಟು.
ಬರೀ ಉಪ್ಪುನೀರು ಚುಚ್ಚಿಸಿಕೊಂಡ ಎದುರು ಸಾಲಿನವು
ಇನ್ನೂರು ದಾಟಿ ಕೂತಿದ್ದವು.
ಪ್ರಾಧ್ಯಾಪಕ ಹಾವ್ರ್ಲಾಂತ್ ಕನ್ನಡಕ ಹಣೆಗೇರಿಸಿ
ಕಾಗದದ ಸುರುಳಿ ನೆಲದುದ್ದಕ್ಕೂ ಬಿಚ್ಚಿದ.
"ನೆತ್ತರು ತೆಳುವಾಗಿ ಇಳಿದದ್ದಲ್ಲ ಇದು," ಎಂದ,
"ನಾಳದ ಗೋಡೆಗೇ ಏನೋ ಹೇಳುತ್ತಿದೆ,
ದಪ್ಪವಾಗಬೇಡ, ಬಿಗಿಯಬೇಡ ಅಂತ. ಬಹುಶಃ."
ಆ ಒಂದು ಬಹುಶಃದ ಮೇಲೆ
ಮೂರು ವರ್ಷದ ಅನುದಾನ ನಿಂತಿತ್ತು.

ಗುರುವಾರ ಹದಿನಾಲ್ಕನೆಯದರ ಬಾಲಕ್ಕೆ
ಬಳೆಯ ಅಂಚು ತಾಗಿ ಎಳ್ಳಿನಷ್ಟು ಗಾಯ.
ಬೇರೆ ಇಲಿಯಾದರೆ ನೆಕ್ಕಿ ಮರೆಯುತ್ತಿತ್ತು.
ಇದರದು ನಿಲ್ಲಲಿಲ್ಲ.
ಹತ್ತಿ ಕೆಂಪಾಯಿತು, ಮತ್ತೊಂದು ಹತ್ತಿ, ಅದೂ.
ಕೊನೆಗೆ ಹೆಬ್ಬೆರಳು ಒತ್ತಿ ಹಿಡಿದು
ಸ್ಟೂಲಿನ ಮೇಲೆ ಕೂತೇಬಿಟ್ಟಳು.
ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ.
ಬೆರಳಿನಡಿ ಒಂದು ದಾರ ಮಿಡಿಯುತ್ತಿತ್ತು,
ಮುಳ್ಳಿಲ್ಲದೆ, ಮಸಿಯಿಲ್ಲದೆ;
ಎಣಿಸಲು ಹೋದಳು. ತನ್ನದೊಂದು ಬಡಿತಕ್ಕೆ ಅದರದು ಐದು,
ನೂರರ ಹತ್ತಿರ ಲೆಕ್ಕ ತಪ್ಪಿತು.
ಇಲಿ ಅವಳ ತೋಳಿನ ಮಡಿಕೆಯಲ್ಲಿ ನಿದ್ದೆಹೋಗಿತ್ತು.

ನಮೂನೆಯಲ್ಲಿ ಒಂದು ಕಾಲಮ್ಮು: ರಕ್ತಸ್ರಾವ.
"ಗಣನೀಯವಲ್ಲ" ಎಂದು ಬರೆದಳು.
ಅದು ನಿಜವೂ ಹೌದು.

ಎಂಟನೆಯ ವಾರ ಮುಗಿದ ದಿನ
ಎರಡೂ ಸಾಲಿಗೆ ಈಥರಿನ ಜಾಡಿ ಒಂದೇ.
ನಿನ್ನದು ಇಳಿದಿತ್ತೋ ಏರಿತ್ತೋ ಎಂದು ಅದು ಕೇಳುವುದಿಲ್ಲ.
ಹೃದಯಗಳನ್ನು ಒರೆಸಿ ತಕ್ಕಡಿಗೆ ಇಟ್ಟಳು.
ಹದಿನಾಲ್ಕರದು ಬಲು ಹಗುರ.
"ಸೊಗಸು," ಎಂದ ಹಾವ್ರ್ಲಾಂತ್.

ಸಂಜೆ ಟ್ರಾಮಿನಲ್ಲಿ, ಕೈಗವಸು ತೊಡುವ ಮುಂಚೆ
ಉಗುರಿನ ಸಂದಿಯಲ್ಲಿ ಒಂದು ಕೆಂಪು ಗೆರೆ ಕಂಡಳು.
ಉಜ್ಜಿದಳು. ಪುಡಿಯಾಗಿ ಉದುರಿತು.
ಒಣಗಿತ್ತು,
ಹೆಪ್ಪಾಗಿರಲಿಲ್ಲ.